ಕೆ, ಎ, ಇ, ಎಕ್ಸ್

12 ಜೂನ್ 2025, ಗುರುವಾರ

ಸ್ಕೂಲಿಂದ ಬರ್ತಾ ಇವತ್ತೂ ಸಿಲ್ಕ್ ಬೋರ್ಡ್ ಹತ್ರ ನಲವತ್ತು ನಿಮಿಷ ನಿಂತ್ವಿ. ಜಿಟಿಜಿಟಿ ಮಳೆ, ವೈಪರ್ ಬೇರೆ ಕಿರ್‍ರ್ ಅಂತಿದೆ. ಹೋದ ವರ್ಷ ಆಗಿದ್ರೆ ನನ್ ಮಗ ಫೋನ್ ಕೊಡು ಫೋನ್ ಕೊಡು ಅಂತ ಪ್ರಾಣ ತಿಂತಿದ್ದ, ಈಗ ಸ್ಕೂಲ್ ಶುರುವಾದಾಗಿಂದ ನಂಬರ್ ಪ್ಲೇಟ್ ಆಟದ ಹುಚ್ಚು. ಮುಂದಿನ ಗಾಡಿ ಪ್ಲೇಟಲ್ಲಿರೋ ಅಕ್ಷರ ಅಷ್ಟೂ ಬರೋ ಹಾಗೆ ಒಂದು ಇಂಗ್ಲಿಷ್ ಪದ ಹೇಳ್ಬೇಕು. ಹಿಂದೆ ಮುಂದೆ ಆದ್ರೂ ನಡೆಯುತ್ತೆ, ಪ್ಲೇಟಲ್ಲಿರೋ ಆರ್ಡರಲ್ಲೇ ಬಂದ್ರೆ ಡಬಲ್ ಪಾಯಿಂಟ್. ಈ ಡಬಲ್ ರೂಲ್ ಅವನದ್ದು, ಅವನಿಗೆ ಬೇಕಾದಾಗ ಮಾತ್ರ ನೆನಪಾಗುತ್ತೆ.

ನಮ್ಮ ಕರ್ಮ ಏನಂದ್ರೆ ಕರ್ನಾಟಕದ ಪ್ಲೇಟಲ್ಲಿ ಕೆ ತಪ್ಪಲ್ಲ. ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟೋ ಸ್ಕ್ರ್ಯಾಬಲ್ ಆಟದ ಡಬ್ಬದಲ್ಲಿ 100 ಬಿಲ್ಲೆ ಇದ್ರೆ ಅದ್ರಲ್ಲಿ ಕೆ ಒಂದೇ ಒಂದು, 5 ಪಾಯಿಂಟಿಂದು. ಆ ಆಟ ಕಂಡುಹಿಡಿದ ಆಲ್ಫ್ರೆಡ್ ಬಟ್ಸ್ ಅನ್ನೋ ಅಮೆರಿಕದವನು 1930ರ ದಶಕದಲ್ಲಿ ನ್ಯೂಸ್‌ಪೇಪರ್ ಹರಡ್ಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತೆ ಅಂತ ಎಣಿಸಿ ಪಾಯಿಂಟ್ ಹಾಕಿದ್ದು, ಅಂದ್ರೆ ಕೆ ಕಮ್ಮಿ ಅನ್ನೋದು ಲೆಕ್ಕ ಹಾಕೇ ಗೊತ್ತಾಗಿರೋ ಮಾತು. ತಮಿಳುನಾಡಿನವರಿಗೆ ನೋಡಿ, ಟಿ ಮತ್ತೆ ಎನ್, ಎರಡೂ ಒಂದೊಂದು ಪಾಯಿಂಟಿನವು, ಆರಾರು ಬಿಲ್ಲೆ ಇವೆ! ಹೊಸೂರಿನ ಟಿಎನ್ 70 ಗಾಡಿ ಮುಂದೆ ಬಂದು ನಿಂತ್ರೆ ನಮಗೆ ಹಬ್ಬ. ಜೊತೆಗೆ ಊರಿನ ನಂಬರ್ ಆದ್ಮೇಲೆ ಬರೋ ಸೀರೀಸ್ ಅಕ್ಷರದಲ್ಲಿ ಐ, ಓ ಎರಡೂ ಇರಲ್ಲ, ಒಂದು ಮತ್ತೆ ಸೊನ್ನೆ ಥರ ಕಾಣುತ್ತೆ ಅಂತ ಬಿಟ್ಟಿದಾರೆ, ಹಂಗಾಗಿ ಸುಲಭದ ಸ್ವರ ಎರಡು ಅಲ್ಲೇ ಹೋಯ್ತು.

ಬಸ್ಸು, ಸರ್ಕಾರಿ ಜೀಪು ನಮಗೆ ಬೋರ್ ಆಗಿಬಿಟ್ಟಿವೆ. ಸಾರಿಗೆ ಬಸ್ಸಿಗೆ ಹೆಚ್ಚಾಗಿ ಎಫ್, ಕಾಫ್ತಾನ್ ಅಂದ್ರೆ ಮುಗೀತು, ಆರ್ಡರಲ್ಲೇ ಬರುತ್ತೆ. ಸರ್ಕಾರಿ ಗಾಡಿಗೆ ಜಿ, ಕಾಂಗರೂ. ಯಾವ ಸಾಹೇಬ್ರ ಕಾರು ಹೋದ್ರೂ ಇವನು ಕಿಟಕಿ ಹತ್ರ ಕಾಂಗರೂ ಕಾಂಗರೂ ಅಂತ ಕೂಗ್ತಾನೆ, ಗಾಜು ಏರಿಸಿರ್ತೀನಿ ಪುಣ್ಯಕ್ಕೆ.

ಮಜಾ ಇರೋದು ಬೇರೆ ಗಾಡಿಗಳಲ್ಲಿ. ಹೋದ ವಾರ ಒಂದು ಜಯನಗರದ ಕೆಎ 05, ಸೀರೀಸ್ ಎಂ ಝಡ್. ಝಡ್ ನೋಡಿ ನಾನು ಕೈ ಚೆಲ್ಲಿದ್ದೆ. ಇವನು ಬೆರಳು ಮಡಚ್ತಾ ಮಡಚ್ತಾ ಇದ್ದೋನು ಕಾಮಿಕಾಜಿ ಅಂದುಬಿಟ್ಟ. ಕೆ, ಎ, ಎಂ, ಝಡ್, ನಾಲ್ಕೂ ಸಾಲಾಗಿ! ಅದು ಜಪಾನಿ ಪದ ಕಣೋ ಅಂದ್ರೆ ಡಿಕ್ಷನರಿಲಿ ಇದೆ ಅಂದ, ನೋಡಿದ್ರೆ ಇದೆ. ಎಂ ಕ್ಯೂ ಬಂದಾಗ ನಾನೊಂದು ಕಳ್ಳತನ ಮಾಡಿದೀನಿ, ಇಲ್ಲಿ ಒಪ್ಕೋತೀನಿ. ಮ್ಯಾಕ್ ಕಂಪ್ಯೂಟರಲ್ಲಿ ಪದಗಳದ್ದೇ ಒಂದು ಫೈಲ್ ಇರುತ್ತೆ, 1934ರ ವೆಬ್‌ಸ್ಟರ್ ಡಿಕ್ಷನರಿದು, 2 ಲಕ್ಷ 30 ಸಾವಿರಕ್ಕೂ ಜಾಸ್ತಿ ಪದ. ರಾತ್ರಿ ಅವನು ಮಲಗಿದ ಮೇಲೆ ಅದಕ್ಕೆ ಗ್ರೆಪ್ ಹಾಕಿದೆ, ಅಂದ್ರೆ ಕೇಳಿದ ಅಕ್ಷರ ಇರೋ ಸಾಲು ಮಾತ್ರ ಹೆಕ್ಕಿ ಕೊಡೋ ಕಮ್ಯಾಂಡು, ಮೊದಲು ಕೆ ಇರೋ ಪದ ಸೋಸೋದು, ಉಳಿದಿದ್ದರಲ್ಲಿ ಎ ಇರೋದು, ಅದರಲ್ಲಿ ಎಂ, ಕೊನೆಗೆ ಕ್ಯೂ, ಜರಡಿ ಮೇಲೆ ಜರಡಿ ಇಟ್ಟಂಗೆ. ಕಣ್ಮುಚ್ಚಿ ಬಿಡೋದ್ರಲ್ಲಿ ಕಮ್‌ಕ್ವಾಟ್ ಬಂತು, ಸಿಪ್ಪೆ ಸಮೇತ ತಿನ್ನೋ ಆ ಪುಟಾಣಿ ಕಿತ್ತಳೆ. ಬೆಳಿಗ್ಗೆ ನನಗೇ ಹೊಳೆದ ಹಾಗೆ ಹೇಳಿದೆ. ಅಮ್ಮ ನೀನು ಸೂಪರ್ ಅಂದ. ಮುಖ ಎಲ್ಲಿಟ್ಕೊಳ್ಳೋದು. ಅವತ್ತೇ ಇನ್ಮೇಲೆ ಗ್ರೆಪ್ ಬೇಡ ಅಂತ ಆಣೆ ಮಾಡ್ಕೊಂಡೆ.

ಮಂಗಳವಾರ ಸಿಕ್ಕಿದ್ದು ಇ ಎಕ್ಸ್. ಒಂದು ಸ್ಕೂಟರು, ಹಿಂದೆ ಕಟ್ಟಿದ್ದ ತರಕಾರಿ ಚೀಲದಿಂದ ಕರಿಬೇವು ಆಚೆ ಇಣುಕ್ತಿತ್ತು, ಅಷ್ಟು ಹೊತ್ತು ನೋಡಿದೀವಿ ಅದನ್ನ. ಎಕ್ಸ್ ಇದೆಯಲ್ಲ ಅಂತ ಟ್ಯಾಕ್ಸ್, ರಿಲ್ಯಾಕ್ಸ್, ಎಕ್ಸಾಂ, ವ್ಯಾಕ್ಸ್ ಎಲ್ಲಾ ಆಯ್ತು, ಒಂದರಲ್ಲೂ ಕೆ ಇಲ್ಲ. ಆಮೇಲೆ ನಂಗೆ ಅನ್ಸಿದ್ದು, ಎಕ್ಸ್ ಅಂದ್ರೇನೇ ಬಾಯಲ್ಲಿ ಕ್ಸ್, ಕೆ ಸದ್ದು ಅದರ ಹೊಟ್ಟೇಲೇ ಕೂತಿದೆ, ಹಂಗಿದ್ಮೇಲೆ ಅದೇ ಪದದಲ್ಲಿ ಇನ್ನೊಂದು ಕೆ ಯಾಕೆ ಬರುತ್ತೆ? ನಾವು ಹುಡುಕ್ತಿರೋದು ಕಿವಿಯಿಂದ, ಪ್ಲೇಟ್ ಕೇಳ್ತಿರೋದು ಸ್ಪೆಲ್ಲಿಂಗು. ಬುಧವಾರವೂ ಸಿಗಲಿಲ್ಲ. ಮ್ಯಾಕ್ ಎರಡು ಸಲ ತೆಗೆದು ಮುಚ್ಚಿದೆ, ಆಣೆ ನೆನಪಾಗಿ.

ಇವತ್ತು ಮನೆಗೆ ಬಂದು ಅನ್ನಕ್ಕಿಡ್ತಾ ಇದ್ದೆ, ತಿಪಟೂರಿಂದ ಅಪ್ಪ ಫೋನ್ ಮಾಡಿದ್ರು. ಹಿತ್ತಲಲ್ಲಿ ಎರಡು ತೆಂಗಿನ ಸಸಿ ಹಾಕ್ಬೇಕು, ಮಳೆ ಚೆನ್ನಾಗಿ ಹಿಡಿಯೋದ್ರೊಳಗೆ ಗುಂಡಿ ತೋಡಿಸ್ಬೇಕು, ಅಲ್ಲೆಲ್ಲ ಗೊರಚು, ಹಾರೆ ಗುದ್ದಲಿ ಇದ್ರೂ ಪಿಕಾಸಿ ಇಲ್ದೆ ಆಗಲ್ಲ, ಆ ಪಿಕಾಸಿನ ಯಾರೋ ಇಸ್ಕೊಂಡು ಹೋದೋರು ವಾಪಸ್ ಕೊಟ್ಟಿಲ್ಲ, ಯಾರು ಅಂತ ನಿಂಗೇನಾದ್ರೂ ನೆನಪಿದೆಯೇನಮ್ಮಾ ಅಂತ. ನಾನು ಹೂಂ ಹೂಂ ಅಂತಾ ಅಕ್ಕಿ ತೊಳೀತಿದ್ದೋಳು ಅಲ್ಲೇ ನಿಂತೆ. ಪಿಕಾಸಿ. ಪಿಕ್ಆಕ್ಸ್. ಪಿ, ಐ, ಸಿ, ಕೆ, ಎ, ಎಕ್ಸ್, ಇ. ಅಪ್ಪಾ ನೀವು ದೇವ್ರು ಅಂದೆ. ಅವರು ಏನಾಯ್ತೇ ಅಂದ್ರು.

ಹುಟ್ಟಿದಾಗಿಂದ ಕೇಳಿರೋ ಪದ, ನಮ್ಮ ಬಾಯಿಗೆ ಬರೋಷ್ಟರಲ್ಲಿ ಎಕ್ಸ್ ಸವೆದು ಸಿ ಆಗಿದೆ, ಅದಕ್ಕೇ ಹೊಳೆದಿಲ್ಲ. ಆಮೇಲೆ ಡಿಕ್ಷನರಿ ತೆಗೆದು ನೋಡಿದ್ರೆ ಇನ್ನೂ ತಮಾಷೆ, ಇಂಗ್ಲಿಷಲ್ಲೂ ಮೊದಲು ಅದು ಪಿಕಾಸ್ ಅಂತಲೇ ಇತ್ತು, ಫ್ರೆಂಚಿಂದ ಬಂದಿದ್ದು, ಕೊಡಲಿ ಅನ್ನೋ ಆಕ್ಸ್ ಇರ್ಬೇಕು ಅಂದ್ಕೊಂಡು ಜನ ಆಮೇಲೆ ಎಕ್ಸ್ ತೂರಿಸಿದ್ದು. ಅಮೆರಿಕದಲ್ಲಿ ಕೊನೆ ಇ ಬಿಟ್ಟೂ ಬರೀತಾರೆ, ಅಲ್ಲಿದ್ದಿದ್ರೆ ಇದೂ ಕೈಕೊಡ್ತಿತ್ತು.

ಮಗನಿಗೆ ಹೇಳಿದೆ. ಎರಡು ದಿನದ ಪದ, ಡಬಲ್ ಹಾಕೋ ಅಂದೆ. ಪೇಪರ್ ಮೇಲೆ ಬರೆದು ನೋಡಿ, ಎಕ್ಸ್ ಮೊದಲು ಬಂದು ಇ ಆಮೇಲೆ ಬಂದಿದೆ, ಆರ್ಡರ್ ತಪ್ಪು, ಸಿಂಗಲ್ ಅಂದ. ಹೋಗ್ಲಿ ಅದನ್ನ ತಾತನ ಹೆಸರಿಗಾದ್ರೂ ಬರಿ ಅಂದೆ. ತಾತ ಕಾರಲ್ಲೇ ಇರ್ಲಿಲ್ವಲ್ಲ ಅಂದ.

ಅಪ್ಪನ ಪಿಕಾಸಿ ಯಾರ ಮನೇಲಿದೆಯೋ ಇನ್ನೂ ಗೊತ್ತಿಲ್ಲ.