ಬೂಟು ಬಿಚ್ಚಿಸಿದೆಯಾ?

ಊರಿಗೆ ಬಂದಾಗಲೆಲ್ಲ ಮದುವೆ ಮನೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಯಾರಾದರೂ ಕೇಳುತ್ತಾರೆ, “ಅಮೆರಿಕದಲ್ಲಿ ನೀನು ಡಾಕ್ಟರಾ, ನರ್ಸಾ?”

ಎರಡೂ ಅಲ್ಲ. ನಾನು ಪಿಎ, ಅಂದರೆ ಫಿಸಿಷಿಯನ್ ಅಸಿಸ್ಟೆಂಟ್. ರೋಗಿಯನ್ನು ಪರೀಕ್ಷೆ ಮಾಡುತ್ತೇನೆ. ಏನಾಗಿದೆ ಅಂತ ಹೇಳುತ್ತೇನೆ. ಔಷಧಿ ಬರೆಯುತ್ತೇನೆ, ಗಾಯಕ್ಕೆ ಹೊಲಿಗೆ ಹಾಕುತ್ತೇನೆ. ಇದೆಲ್ಲ ಒಬ್ಬ ಡಾಕ್ಟರ ಜೊತೆ ಸೇರಿ ಮಾಡುವ ಕೆಲಸ. ನನ್ನ ಕೈಲಿ ಆಗದ್ದು ಅನ್ನಿಸಿದರೆ ಹೋಗಿ ಅವರ ಬಾಗಿಲು ತಟ್ಟುತ್ತೇನೆ. 2021ರಲ್ಲಿ ಇಲ್ಲಿನ ನಮ್ಮ ಸಂಘ ಹೆಸರನ್ನು ‘ಫಿಸಿಷಿಯನ್ ಅಸೋಸಿಯೇಟ್’ ಅಂತ ಬದಲಿಸುವ ತೀರ್ಮಾನ ಮಾಡಿತು. ನಮ್ಮ ರೋಗಿಗಳು ಮಾತ್ರ ಈಗಲೂ ಪಿಎ ಅಂತಲೇ ಕರೆಯುತ್ತಾರೆ.

ಪ್ರತಿ ವರ್ಷ ಅಕ್ಟೋಬರ್ 6ರಿಂದ 12 ಇಲ್ಲಿ ಪಿಎ ವಾರ. ಕ್ಲಿನಿಕ್ಕಿಗೆ ಯಾರೋ ಕೇಕ್ ತರುತ್ತಾರೆ, ಶುಭಾಶಯದ ಕಾರ್ಡು ಬರುತ್ತವೆ. ಕಾರ್ಡಿನ ಮೇಲೆ ನನ್ನ ಹೆಸರಷ್ಟೇ ಇರುತ್ತದೆ. ನನ್ನನ್ನು ಈ ಕುರ್ಚಿಯವರೆಗೆ ತಂದು ಕೂರಿಸಿದವರ ಹೆಸರು ಎಲ್ಲೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆಯೋಣ ಅಂತ ಕೂತೆ.

ನಾನು ತಿಪಟೂರಿನಲ್ಲಿ ಬಿಎಸ್ಸಿ ಮುಗಿಸಿ, ಮದುವೆಯಾಗಿ ನಾರ್ತ್ ಕ್ಯಾರೊಲೈನಾಕ್ಕೆ ಬಂದವಳು. ಎಂಟು ವರ್ಷ ಮನೆ, ಮಗು ಅಂತ ಕಳೆಯಿತು. ಆಮೇಲೆ ಒಂದು ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದೆ. ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು, ಊಟ ಮಾಡಿಸುವುದು. ಪಿಎ ಓದಲು ಬರುವವರು ಮೊದಲೇ ರೋಗಿಗಳ ಜೊತೆ ಕೆಲಸ ಮಾಡಿರಬೇಕು ಅಂತ ಇಲ್ಲಿನ ಬಹಳಷ್ಟು ಕಾಲೇಜುಗಳು ಕೇಳುತ್ತವೆ. ನನಗೆ ಸೀಟು ಸಿಕ್ಕಾಗ 36 ವರ್ಷ. ಓದು ಸುಮಾರು 27 ತಿಂಗಳದ್ದು. ಮೊದಲ ವರ್ಷ ಪಾಠ. ಆಮೇಲೆ ಆಸ್ಪತ್ರೆ, ಕ್ಲಿನಿಕ್ಕುಗಳಲ್ಲಿ ಕೆಲಸ ಕಲಿಯುವುದು, ಅದೇ ಸುಮಾರು 2000 ಗಂಟೆ.

ಅಲ್ಲಿ ನನ್ನ ಮೊದಲ ಮೇಷ್ಟ್ರು ತೀರಿಹೋಗಿದ್ದ ಒಬ್ಬ ಅಜ್ಜಿ. ಅನಾಟಮಿ ಲ್ಯಾಬಿನ ನಾಲ್ಕನೇ ಟೇಬಲ್ಲು. ವಯಸ್ಸು 81, ಹೃದಯದ ಕಾಯಿಲೆ. ನಮಗೆ ಹೇಳಿದ್ದು ಇಷ್ಟೇ. ಹೆಸರು ಹೇಳುವುದಿಲ್ಲ. ಬಲ ಮೊಣಕಾಲಿನ ಮೇಲೆ ಆಪರೇಷನ್ ಗುರುತಿತ್ತು, ಒಳಗೆ ಲೋಹದ ಕೀಲು. ಅಷ್ಟೆಲ್ಲ ನೋವು ತಿಂದು ಮತ್ತೆ ನಡೆಯಲು ಕಲಿತವರು, ಕೊನೆಗೆ ನಾವು ಕಲಿಯಲಿ ಅಂತ ತಮ್ಮ ದೇಹವನ್ನೇ ಬರೆದುಕೊಟ್ಟಿದ್ದರು. ಹೃದಯವನ್ನು ಕೈಯಲ್ಲಿ ಹಿಡಿದ ದಿನ ಮನೆಗೆ ಬಂದು ನನಗೆ ಊಟ ಸೇರಲಿಲ್ಲ. ಅಸಹ್ಯದಿಂದ ಅಲ್ಲ. ಇಷ್ಟು ದೊಡ್ಡದನ್ನು ನನಗೆ ಯಾಕೆ ಕೊಟ್ಟರು ಅಂತ ಯೋಚನೆ ಹತ್ತಿತ್ತು.

ಆ ಪಾಠ ಮುಗಿದ ಮೇಲೆ ದೇಹದಾನ ಮಾಡಿದವರ ನೆನಪಿಗೆ ಒಂದು ಸಭೆ ನಡೆಯಿತು. ಅವರ ಮನೆಯವರೂ ಬಂದಿದ್ದರು. ಯಾವ ಮನೆಯವರು ಯಾವ ಟೇಬಲ್ಲಿನವರು ಅಂತ ನಮಗೆ ಗೊತ್ತಿಲ್ಲ. ನಾನು ಬಾಗಿಲ ಹತ್ತಿರ ನಿಂತು ಎಲ್ಲರಿಗೂ ಕೈ ಮುಗಿದೆ. ನಮ್ಮ ಕಡೆಯ ಅಭ್ಯಾಸ. ಕೆಲವರು ತಿರುಗಿ ಕೈ ಮುಗಿದರು.

ಆ ದಿನ ನನಗೆ ಬೆಳಗಾವಿ ನೆನಪಾಗಿತ್ತು. 2010ರಲ್ಲಿ ಅಲ್ಲಿನ ವೈದ್ಯ ಮಹಾಂತೇಶ ರಾಮಣ್ಣವರ ಅವರು, ತಮ್ಮ ತಂದೆಯ ಆಸೆಯಂತೆ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಬಿಡಿಸಿ ಪಾಠ ಮಾಡಿದ್ದರು. ಆ ಸುದ್ದಿ ಓದಿದಾಗ ನಾನು ಬೆಚ್ಚಿಬಿದ್ದಿದ್ದೆ. ನಾಲ್ಕನೇ ಟೇಬಲ್ಲಿನ ಅಜ್ಜಿಯ ಹತ್ತಿರ ಒಂದು ವರ್ಷ ಕಲಿತ ಮೇಲೆ ಆ ತಂದೆ ಮಗ ಇಬ್ಬರೂ ಅರ್ಥವಾದರು.

ಬದುಕಿರುವ ಮೊದಲ ರೋಗಿ ನನ್ನ ಅಮ್ಮ. ಆರು ತಿಂಗಳಿಗೆ ಅಂತ ಬಂದು ಮಗುವನ್ನು ನೋಡಿಕೊಂಡು, ಅಡುಗೆ ಮಾಡಿಟ್ಟು, ರಾತ್ರಿ ನನ್ನ ಪ್ರಾಕ್ಟೀಸಿಗೂ ಸಿಗುತ್ತಿದ್ದರು. ಹೊಟ್ಟೆ, ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿಂದ ತಟ್ಟಿ ಸದ್ದು ಕೇಳುವ ಪರೀಕ್ಷೆ ಇದೆ. ನನಗೆ ಅದು ಹತ್ತುತ್ತಲೇ ಇರಲಿಲ್ಲ. ನಾಲ್ಕನೇ ದಿನ ಅಮ್ಮ ಅಂದರು, “ತೆಂಗಿನಕಾಯಿ ತಟ್ಟಿ ನೋಡಲ್ವಾ, ಅದೇ ತಾನೇ? ತುಂಬಿದ ಕಡೆ ಒಂದು ಸದ್ದು, ಪೊಳ್ಳು ಕಡೆ ಒಂದು ಸದ್ದು. ಕಿವಿ ಕೊಟ್ಟು ತಟ್ಟು.” ತಿಪಟೂರಿನವಳಿಗೆ ಇದು ಮೊದಲೇ ಹೊಳೆಯಬೇಕಿತ್ತು. ಆ ರಾತ್ರಿ ಅಮ್ಮನ ಲಿವರ್ ಎಲ್ಲಿ ಶುರುವಾಗುತ್ತದೆ ಅಂತ ನನ್ನ ಕಿವಿಗೆ ಸಿಕ್ಕಿತು. ಆಮೇಲೆ ಓದಿದೆ: ಎದೆ ತಟ್ಟಿ ನೋಡುವ ಕ್ರಮವನ್ನು 1761ರಲ್ಲಿ ಬರೆದಿಟ್ಟ ಆಸ್ಟ್ರಿಯಾದ ಡಾಕ್ಟರ್ ಔಎನ್‌ಬ್ರುಗ್ಗರ್ ಛತ್ರ ನಡೆಸುವವರ ಮಗನಂತೆ. ಮದ್ಯದ ಪೀಪಾಯಿ ಎಷ್ಟು ತುಂಬಿದೆ ಅಂತ ತಟ್ಟಿ ನೋಡುವುದರಿಂದ ಅವರಿಗೆ ಈ ಯೋಚನೆ ಬಂತು ಅನ್ನುತ್ತಾರೆ. ಅಮ್ಮನಿಗೆ ಹೇಳಿದೆ. “ಮತ್ತೆ?” ಅಂದರು ಅಷ್ಟೇ.

ಕಾಲೇಜಿನಲ್ಲಿ ರೋಗಿಯ ಪಾತ್ರ ಮಾಡುವವರು ಬರುತ್ತಿದ್ದರು. ಅವರಲ್ಲಿ ರಿಟೈರ್ ಆದವರೇ ಜಾಸ್ತಿ. ಗಂಟೆಗೆ ಇಷ್ಟು ಅಂತ ಸಣ್ಣ ಸಂಬಳ. ಒಂದು ದಿನ, ಮೊದಲು ಶಾಲೆಯಲ್ಲಿ ಟೀಚರ್ ಆಗಿದ್ದ ಒಬ್ಬರಿಗೆ ನಾನು ಕ್ಯಾನ್ಸರ್ ಸುದ್ದಿ ಹೇಳಬೇಕಿತ್ತು. ಅವರು ಅತ್ತರು. ಮುಗಿದ ಮೇಲೆ ಕಣ್ಣು ಒರೆಸಿಕೊಂಡು ಹೇಳಿದರು: “ಗಡ್ಡೆ ಅನ್ನುವ ಮಾತು ಬಂದಾಗ ನೀನು ಕಂಪ್ಯೂಟರ್ ನೋಡಿದೆ. ನನ್ನ ಮುಖ ನೋಡಿ ಹೇಳು. ಇನ್ನೊಂದು ಸಲ ಮಾಡೋಣ ಬಾ.” ಆ ದಿನ ಅವರು ಇನ್ನೂ ಎಷ್ಟೋ ವಿದ್ಯಾರ್ಥಿಗಳ ಮುಂದೆ ಹೀಗೇ ಅಳಬೇಕಿತ್ತು. ಆದರೂ ನನಗಾಗಿ ಇನ್ನೊಂದು ಸಲ ಅತ್ತರು.

ನಮ್ಮ ಕಾಲೇಜಿನ ಆಫೀಸಿನಲ್ಲಿ ಒಬ್ಬ ಹೆಂಗಸು ಇದ್ದರು. ಎರಡನೇ ವರ್ಷ ಯಾವ ವಿದ್ಯಾರ್ಥಿ ಯಾವ ಕ್ಲಿನಿಕ್ಕಿಗೆ ಹೋಗಬೇಕು ಅಂತ ಗೊತ್ತು ಮಾಡುವುದೇ ಅವರ ಕೆಲಸ. ಕೇಳಲು ಸುಲಭ. ಆದರೆ ಅದೇ ಡಾಕ್ಟರುಗಳ ಹತ್ತಿರ ಮೆಡಿಕಲ್ ವಿದ್ಯಾರ್ಥಿಗಳೂ ಬರುತ್ತಾರೆ, ನರ್ಸ್ ಪ್ರಾಕ್ಟೀಷನರ್ (ಪರೀಕ್ಷೆ ಮಾಡಿ ಔಷಧಿ ಬರೆಯುವಷ್ಟು ಮುಂದೆ ಓದಿದ ನರ್ಸ್) ಓದುವವರೂ ಬರುತ್ತಾರೆ. ಜಾಗ ಕಡಿಮೆ. ಅವರು ದಿನವಿಡೀ ಫೋನ್ ಹಿಡಿದು ಕೂತಿರುತ್ತಿದ್ದರು. “ಒಬ್ಬರನ್ನೇ ತಗೊಳ್ಳಿ, ಆರೇ ವಾರ, ಒಳ್ಳೆ ಹುಡುಗಿ” ಅಂತ ನನ್ನ ಬಗ್ಗೆ ಯಾರಿಗೋ ಹೇಳುತ್ತಿದ್ದುದು ಒಂದು ದಿನ ಬಾಗಿಲಾಚೆಯಿಂದ ಕೇಳಿಸಿತು. ಆಗ ನನಗೆ 37. ಹುಡುಗಿ ಅಂದಿದ್ದು ತುಂಬಾ ಖುಷಿಯಾಯಿತು. ಮಗು ಇರುವವಳು ಅಂತ, ದೂರದ ಊರಿಗೆ ಹಾಕಿದಾಗ ಉಳಿಯಲು ಚರ್ಚಿನವರ ಒಂದು ಕೋಣೆಯನ್ನೂ ಅವರೇ ಕೇಳಿ ಕೊಡಿಸಿದರು.

ಆ ದೂರದ ಊರು ಸ್ಯಾಂಪ್ಸನ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ರಾಜ್ಯದ ಪೂರ್ವಕ್ಕೆ, ಸಮತಟ್ಟು ನೆಲ. ಸಿಹಿಗೆಣಸು, ತಂಬಾಕು, ಬ್ಲೂಬೆರಿ ಹೊಲ, ಹಂದಿ ಸಾಕುವ ಉದ್ದನೆಯ ಶೆಡ್ಡುಗಳು. ನನಗೆ ಕಲಿಸಿದವರು ಅರವತ್ತು ದಾಟಿದ ಪಿಎ. ಹಿಂದೆ ಸೈನ್ಯದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಮೆಡಿಕ್ ಆಗಿದ್ದವರು. ಹೀಗೆ ಪಕ್ಕದಲ್ಲಿ ಇಟ್ಟುಕೊಂಡು ಕೆಲಸ ಕಲಿಸುವವರಿಗೆ ಇಲ್ಲಿ ಪ್ರಿಸೆಪ್ಟರ್ ಅನ್ನುತ್ತಾರೆ. ಈಗೀಗ ಕೆಲವು ಕಡೆ ಇದಕ್ಕೆ ಹಣ ಕೊಡುತ್ತಾರೆ. ಬಹಳ ಜನ ಸುಮ್ನೆ ಕಲಿಸುತ್ತಾರೆ. ಇವರೂ ಹಾಗೇ. ನಾನಿದ್ದ ಆರು ವಾರ ಅವರು ದಿನಾ ಒಂದು ಗಂಟೆ ತಡವಾಗಿ ಮನೆಗೆ ಹೋದರು.

ಎರಡನೇ ವಾರ ಒಬ್ಬ ರೈತರು ಬಂದರು. ಎಪ್ಪತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ. “ಸುಸ್ತು, ಮತ್ತೇನಿಲ್ಲ” ಅಂದರು. ನಾನು ಅರ್ಧ ಗಂಟೆ ಮಾತಾಡಿಸಿದೆ. ಎದೆ ಕೇಳಿದೆ, ಥೈರಾಯ್ಡ್ ಮುಟ್ಟಿ ನೋಡಿದೆ, ನಿದ್ದೆ ಹೇಗೆ ಅಂತ ಕೇಳಿದೆ. ಹೊರಗೆ ಬಂದು ಪ್ರಿಸೆಪ್ಟರ್ ಮುಂದೆ ಎಲ್ಲ ಒಪ್ಪಿಸಿದೆ. ಯಾವ ಯಾವ ರಕ್ತ ಪರೀಕ್ಷೆ ಬೇಕು ಅಂತ ಪಟ್ಟಿಯೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ. “ಬೂಟು ಬಿಚ್ಚಿಸಿದೆಯಾ?”

ಬಿಚ್ಚಿಸಿರಲಿಲ್ಲ.

ಅವರು ಬೈಯಲಿಲ್ಲ. ನನ್ನ ಜೊತೆ ಒಳಗೆ ಬಂದರು. ರೈತರ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತು, ಮಣ್ಣು ಮೆತ್ತಿದ ಬೂಟಿನ ದಾರವನ್ನು ತಾವೇ ಬಿಚ್ಚಿದರು. ಕಾಲುಚೀಲ ಅಂಟಿಕೊಂಡಿತ್ತು. ಹೆಬ್ಬೆರಳಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಹುಣ್ಣು. ಸಕ್ಕರೆ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಪಾದದ ನರಗಳು ಸತ್ತಿರುತ್ತವೆ. ನೋವೇ ಗೊತ್ತಾಗುವುದಿಲ್ಲ. ಗೊತ್ತಾಗದ್ದನ್ನು ರೋಗಿ ಹೇಗೆ ಹೇಳುತ್ತಾರೆ? ಸುಸ್ತು ಬಂದಿದ್ದು ಆ ಸೋಂಕಿನಿಂದ. ಅದೇ ದಿನ ಆಸ್ಪತ್ರೆಗೆ ಕಳಿಸಿದೆವು. ಕಾಲು ಉಳಿಯಿತು.

ಸಂಜೆ ಕ್ಲಿನಿಕ್ ಮುಚ್ಚಿದ ಮೇಲೆ ನಾನು ಅತ್ತುಬಿಟ್ಟೆ. ಪ್ರಿಸೆಪ್ಟರ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. “ನಾಳೆಯಿಂದ ಬಿಚ್ಚಿಸುತ್ತೀಯ ತಾನೇ?” ಅಂದರು. ಈಗ ಆರು ವರ್ಷವಾಯಿತು. ಸಕ್ಕರೆ ಕಾಯಿಲೆ ಇರುವ ಯಾರೇ ಬಂದರೂ ನಾನೇ ಕೆಳಗೆ ಕೂತು ಬೂಟು ಬಿಚ್ಚುತ್ತೇನೆ. ಆ ರೈತರನ್ನೂ ಇಲ್ಲಿ ನೆನೆಯಬೇಕು. ಎರಡು ವಾರದ ನಂತರ ಕಟ್ಟು ಬದಲಿಸಲು ಬಂದವರು, “ಆ ವಿದ್ಯಾರ್ಥಿನಿ ಕೈಲೇ ಮಾಡಿಸಿ, ಕಲಿಯಲಿ” ಅಂದರು. ನಾನು ತಪ್ಪಿದ್ದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಾಲು ನೀಡಿದರು.

ಒಂದು ಭಾನುವಾರ ಪ್ರಿಸೆಪ್ಟರ್ “ಗಾರ್ಲೆಂಡ್ ನೋಡಿಕೊಂಡು ಬಾ” ಅಂದರು. ಅದೇ ಕೌಂಟಿಯ ಪುಟ್ಟ ಊರು. ನೋಡಲು ಏನೂ ಇಲ್ಲ, ಆದರೆ ನಮ್ಮ ವೃತ್ತಿಯ ಒಂದು ಬೇರು ಅಲ್ಲಿದೆ. ಅಲ್ಲಿ ಏಮಸ್ ಜಾನ್ಸನ್ ಅಂತ ಒಬ್ಬ ಡಾಕ್ಟರ್ ಇದ್ದರು. ಅವರ ಜೊತೆ ಕೆಲಸಕ್ಕಿದ್ದವರು ಹೆನ್ರಿ ಲೀ ಟ್ರೆಡ್ವೆಲ್ ಅನ್ನುವ ಕಪ್ಪು ಜನಾಂಗದವರು. ಎಲ್ಲರೂ ಅವರನ್ನು ‘ಬಡ್ಡಿ’ (ಇಂಗ್ಲಿಷಿನಲ್ಲಿ ಗೆಳೆಯ) ಅಂತ ಕರೆಯುತ್ತಿದ್ದರು. ಡಿಗ್ರಿ ಇಲ್ಲ. ಡಾಕ್ಟರೇ ಒಂದೊಂದಾಗಿ ಕೆಲಸ ಕಲಿಸಿದರು. ಡಾಕ್ಟರ್ ಊರಲ್ಲಿ ಇಲ್ಲದಾಗ ಕ್ಲಿನಿಕ್ ನಿಂತಿದ್ದು ಟ್ರೆಡ್ವೆಲ್ ಅವರ ಮೇಲೆ.

ಈ ಜೋಡಿಯ ವಿಷಯ ಡರ್ಹ್ಯಾಮ್‌ನ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜಿನ್ ಸ್ಟೆಡ್ ಅವರಿಗೆ ಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಡಾಕ್ಟರುಗಳೆಲ್ಲ ಸೈನ್ಯಕ್ಕೆ ಹೋದಾಗ, ವಿದ್ಯಾರ್ಥಿಗಳನ್ನೇ ಇಟ್ಟುಕೊಂಡು ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯಲ್ಲಿ ಕೆಲಸ ನಡೆಸಿದವರು ಅವರು. ಡ್ಯೂಕ್‌ನಲ್ಲಿ ಅವರು ಮೊದಲು ಕೈ ಹಾಕಿದ್ದು ನರ್ಸ್ ಶಿಕ್ಷಕಿ ಥೆಲ್ಮಾ ಇಂಗಲ್ಸ್ ಅವರ ಜೊತೆ. ನರ್ಸುಗಳಿಗೆ ಇನ್ನೂ ಮೇಲಿನ ವೈದ್ಯಕೀಯ ತರಬೇತಿ ಕೊಡುವ ಕೋರ್ಸ್ ಕಟ್ಟಿದರು. ನರ್ಸಿಂಗ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಅದಕ್ಕೆ ಒಪ್ಪಲಿಲ್ಲ. ಇಂಗಲ್ಸ್ ಅವರ ಹೆಸರು ಈಗ ಕಡಿಮೆ ಕೇಳಿಬರುತ್ತದೆ. ಅದು ನನಗೆ ಬೇಜಾರು. ಆ ಬಾಗಿಲು ಮುಚ್ಚಿದ ಮೇಲೆ, 1965ರಲ್ಲಿ ನೌಕಾಪಡೆಯಲ್ಲಿ ಕಾರ್ಪ್ಸ್‌ಮನ್ (ಅಲ್ಲಿನ ಮೆಡಿಕ್) ಆಗಿದ್ದ ನಾಲ್ಕು ಜನರನ್ನು ಸ್ಟೆಡ್ ಸೇರಿಸಿಕೊಂಡರು. ಸೈನ್ಯದಲ್ಲಿ ಎಷ್ಟೋ ಜನರ ಜೀವ ಉಳಿಸುವ ಕೆಲಸ ಕಲಿತವರು, ಊರಿಗೆ ಬಂದರೆ ಆ ವಿದ್ಯೆಗೆ ತಕ್ಕ ಕೆಲಸ ಇಲ್ಲ. 1967ರ ಅಕ್ಟೋಬರ್ 6ರಂದು ಮೂವರು ಪಾಸಾಗಿ ಹೊರಬಂದರು: ವಿಕ್ಟರ್ ಜರ್ಮಿನೋ, ಕೆನೆತ್ ಫೆರೆಲ್, ರಿಚರ್ಡ್ ಶೀಲಿ. ಆ ದಿನವೇ ಈಗ ಪಿಎ ವಾರದ ಮೊದಲ ದಿನ. ಸ್ಟೆಡ್ ಅವರ ಹುಟ್ಟಿದ ದಿನವೂ ಹೌದು. 1970ರಲ್ಲಿ ಜಾಯ್ಸ್ ನಿಕೋಲ್ಸ್ ಅನ್ನುವ ಕಪ್ಪು ಹೆಣ್ಣುಮಗಳು ಮೊದಲ ಮಹಿಳಾ ಪಿಎ ಆದರು. ಮೊದಲು ನರ್ಸಿಂಗ್ ಕೆಲಸದಲ್ಲಿದ್ದವರು. ಅವರು ಆ ಬಾಗಿಲು ತಟ್ಟಿರದಿದ್ದರೆ ನನ್ನಂಥವಳು ಅರ್ಜಿ ಹಾಕುವ ಯೋಚನೆಯನ್ನೂ ಮಾಡುತ್ತಿರಲಿಲ್ಲ.

ಗಾರ್ಲೆಂಡ್ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಕೂತಾಗ ನನಗೆ ನೆನಪಾದವರು ನಮ್ಮೂರಿನ ಕಾಂಪೌಂಡರ್ ಮಾಮ. ತಿಪಟೂರಿಂದ ಆಚೆ ಹೋಬಳಿ ಊರು ನಮ್ಮದು. ಡಾಕ್ಟರ್ ಒಬ್ಬರೇ. ಗಾಜಿನ ಬಾಟಲಿಗೆ ಕೆಂಪು ಔಷಧಿ ಸುರಿದು, ಹೊತ್ತು ಹೊತ್ತಿಗೆ ಎಷ್ಟು ಅಂತ ತೋರಿಸಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ ಕೊಡುತ್ತಿದ್ದವರು ಮಾಮ. ಗಾಯ ತೊಳೆದು ಕಟ್ಟು ಕಟ್ಟುತ್ತಿದ್ದವರು, ಅಜ್ಜನಿಗೆ ದಿನಾ ಮನೆಗೆ ಬಂದು ಇಂಜೆಕ್ಷನ್ ಕೊಡುತ್ತಿದ್ದವರು ಅವರೇ. ಅವರಿಗೆ ಓದಿಸುವ ಒಂದು ಕಾಲೇಜು, ಕೊನೆಗೆ ಒಂದು ಪರೀಕ್ಷೆ, ಕೈಗೊಂದು ಸರ್ಟಿಫಿಕೇಟು, ಇದನ್ನು ಆಗ ಯಾರೂ ಕಟ್ಟಿಕೊಡಲಿಲ್ಲ. ಭಾರತದಲ್ಲಿ ಪಿಎ ಓದು ಶುರುವಾಗಿದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ. ಹೃದಯ ಶಸ್ತ್ರಚಿಕಿತ್ಸೆಯ ಡಾ. ಕೆ.ಎಂ. ಚೆರಿಯನ್ ಅದನ್ನು ತಂದರು. ಈಗ ನಮ್ಮ ರಾಜ್ಯದಲ್ಲೂ ಇದನ್ನು ಓದಬಹುದು. ಮಾಮನಿಗೆ ಅದು ತಡವಾಯಿತು.

ಹೋದ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಅವರ ಮನೆಗೆ ಹೋಗಿದ್ದೆ. ಎಂಬತ್ತು ದಾಟಿದ್ದಾರೆ. ಜಗಲಿ ಮೇಲೆ ಕೂತಿದ್ದರು. “ಬಾರವ್ವ, ಅದೇನೋ ಓದಿದ್ಯಂತೆ” ಅಂದರು. ನಾನು ಟ್ರೆಡ್ವೆಲ್ ಕತೆ ಪೂರ್ತಿ ಹೇಳಿದೆ. ಸಣ್ಣ ಊರು, ಒಬ್ಬರೇ ಡಾಕ್ಟರು, ಡಿಗ್ರಿ ಇಲ್ಲದೆ ಕಲಿತ ಕೆಲಸ, ಅವರನ್ನು ನೋಡಿ ಆಮೇಲೆ ಒಂದು ಓದೇ ಶುರುವಾಗಿದ್ದು. ಮಾಮ ಕಣ್ಣು ಮುಚ್ಚಿ ಕೇಳಿಸಿಕೊಂಡರು. ನಿದ್ದೆ ಹತ್ತಿತೇನೋ ಅಂದುಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದರು, “ಅವರೂ ಸಿರಿಂಜು ಕುದಿಸ್ತಿದ್ರೇನವ್ವ?”

“ಹೂಂ ಮಾಮ. ಆ ಕಾಲದಲ್ಲಿ ಅಲ್ಲೂ ಗಾಜಿನದೇ, ಕುದಿಸಲೇಬೇಕಿತ್ತು.”

ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿ, “ಇವಳಿಗೊಂದು ಲೋಟ ಕಾಫಿ ಕೊಡಮ್ಮ” ಅಂದರು.