ಎರಡು ದಿನ ತಡವಾದ ಸಹಿ

ದಾಖಲೆ ಪರಿಶೀಲನೆಯ ಟೇಬಲ್ಲಿಗೆ ನನ್ನನ್ನು ಹಾಕಿದ್ದು ಅದೇ ಮೊದಲು. ಸರ್ಕಾರಿ ನೇಮಕಾತಿ, ಒಂದೊಂದು ಹುದ್ದೆಗೆ ಮೂವರಂತೆ ಅಭ್ಯರ್ಥಿಗಳನ್ನು ಕರೆದಿದ್ದರು. ಬೆಳಗ್ಗೆ ಒಂಬತ್ತಕ್ಕೇ ವರಾಂಡ ತುಂಬಿತ್ತು. ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ವರ್ಷಗಟ್ಟಲೆ ಓದಿದವರು, ಹಾವೇರಿ, ಗದಗದಿಂದ ಮೊದಲ ಬಸ್ಸಿಗೆ ಬಂದವರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಫೈಲು.

ಅರ್ಜಿಯಲ್ಲಿ ಬರೆದದ್ದಕ್ಕೆಲ್ಲ ಮೂಲ ದಾಖಲೆ ಇದೆಯಾ ಅಂತ ನೋಡುವುದು ನಮ್ಮ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರು, ಹೀಗೆ. ಒಬ್ಬ ಹುಡುಗನ ತಂದೆಯ ಹೆಸರು ಒಂದು ಕಡೆ ಬಸಪ್ಪ, ಇನ್ನೊಂದು ಕಡೆ ಬಸವಣ್ಣೆಪ್ಪ ಅಂತಿತ್ತು. ಅಫಿಡವಿಟ್ ತಂದಿದ್ದ, ಮೇಲಿನವರು ಒಪ್ಪಿದರು. ಹೆಸರಿನ ತಪ್ಪಿಗೆ ದಾರಿ ಇದೆ. ತಾರೀಖಿಗೆ ಇಲ್ಲ.

ಅದು ಗೊತ್ತಾಗಿದ್ದು ಮಧ್ಯಾಹ್ನ, ಗದಗ ಕಡೆಯ ಹಳ್ಳಿಯ ಹುಡುಗಿ ಮುಂದೆ ಕೂತಾಗ. 2ಎ ಅನ್ನುವ ಹಿಂದುಳಿದ ವರ್ಗ, ಕನ್ನಡ ಮಾಧ್ಯಮ, ಗ್ರಾಮೀಣ, ಮೂರೂ ಮೀಸಲಾತಿ ಕೇಳಿದ್ದಳು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದವರಿಗೆ ಶೇ. 25, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ಆದರೆ ಪ್ರಮಾಣಪತ್ರಗಳು ಅರ್ಜಿಯ ಕೊನೆ ದಿನದೊಳಗೆ ಕೈಯಲ್ಲಿರಬೇಕು. ಅವಳ ಗ್ರಾಮೀಣ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ತರರ ಸಹಿ 9ನೇ ತಾರೀಖಿಗೇ ಬಿದ್ದಿತ್ತು. ಕೊನೆ ದಿನ 15. ನೇರಳೆ ಸೀಲಿನ ಕೆಳಗೆ ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ, 17.

"ಮೂರು ಸಲ ಹೋಗಿದ್ನಿರಿ ಸರ್. ಸಾಹೇಬ್ರು ಮೀಟಿಂಗಿಗೆ ಹೋಗ್ಯಾರ ಅಂದ್ರು."

ಆ 17ರ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಸಂಕಟವಾಯಿತು. ಆದರೆ ಇವಳಿಗೆ ಎರಡು ದಿನ ಬಿಟ್ಟರೆ, ತಾರೀಖು ಮುಗಿಯಿತೆಂದು ಗ್ರಾಮೀಣ ಕೇಳದೇ ಬಿಟ್ಟವರಿಗೆ ಏನು ಹೇಳುವುದು? ನಿಯಮ ಸರಿಯಾಗೇ ಇದೆ ಅಂತ ನನಗೆ ಆಗಲೂ ಅನಿಸಿತು, ಈಗಲೂ ಅನಿಸುತ್ತದೆ. ಆದರೆ ಯಾರೋ ಮೀಟಿಂಗಿಗೆ ಹೋದದ್ದರ ಬೆಲೆ ಇವಳು ತೆತ್ತಳಲ್ಲ, ಅದು ಸರಿಯಲ್ಲ.

"ಅಂದ್ರ ನನ್ನ ತೆಗೆದ್ರೇನ್ರಿ?" ಅಂದಳು. ದನಿ ಸಣ್ಣಗಾಗಿತ್ತು.

"ಇಲ್ಲವಾ ತಂಗಿ. ಗ್ರಾಮೀಣ ಅಷ್ಟ ಹೋತು. ನೀ ಹೋಗಿಲ್ಲ. 2ಎ ಐತಿ, ಕನ್ನಡ ಮಾಧ್ಯಮ ಐತಿ."

ಈ ವ್ಯತ್ಯಾಸವನ್ನು ಬಿಡಿಸಿ ಹೇಳುವವರು ಕಮ್ಮಿ. ಪರಿಶೀಲನಾ ಪಟ್ಟಿಯಲ್ಲಿ ನನಗಿಂತ ಮೊದಲಿನವರು 'ತಿರಸ್ಕೃತ' ಅಂತ ಒಂದೇ ಪದ ಗೀಚಿದ್ದರು. ಏನು ತಿರಸ್ಕೃತ? ಮೀಸಲಾತಿಯೋ, ಮನುಷ್ಯರೋ? ನಾನು ಪೂರ್ತಿ ಬರೆದೆ: ಮೇಲುಸಹಿ ಕೊನೆ ದಿನಾಂಕದ ನಂತರದ್ದು, ಗ್ರಾಮೀಣ ಮೀಸಲಾತಿ ಮಾತ್ರ ಪರಿಗಣಿಸಿಲ್ಲ, 2ಎ ಮತ್ತು ಕನ್ನಡ ಮಾಧ್ಯಮಕ್ಕೆ ಅರ್ಹರು. ಅವಳಿಗೆ ಓದಿ ಹೇಳಿ ಸಹಿ ಮಾಡಿಸಿಕೊಂಡೆ. ತಾತ್ಕಾಲಿಕ ಪಟ್ಟಿ ಬಂದಾಗ ಆಕ್ಷೇಪಣೆಗೆ ದಿನ ಕೊಡುತ್ತಾರೆ, ಹೆಸರು ಯಾವ ವರ್ಗದಲ್ಲಿದೆ ನೋಡು ಅಂದೆ.

ಅವಳು ಗ್ರಾಮೀಣ ಪ್ರಮಾಣಪತ್ರವನ್ನು ಮಡಚಿ ಫೈಲಿನ ತಳಕ್ಕೆ ಹಾಕಹೊರಟಳು. ತಡೆದೆ. ಓದಿದ ಊರು ಬದಲಾಗುವುದಿಲ್ಲ ಅಲ್ವಾ, ಮುಂದಿನ ಅರ್ಜಿಗೆ ಇದೇ ಬೇಕಾಗಬಹುದು. ಅವಳು ಮಡಿಕೆಯನ್ನು ಅಂಗೈಯಿಂದ ತೀಡಿ ಸರಿಮಾಡಿ, ಎಲ್ಲಕ್ಕಿಂತ ಮೇಲಿಟ್ಟುಕೊಂಡು ಎದ್ದಳು.