ಆ ಏಳು ಕಿಲೋಮೀಟರ್ ಯಾರದು?

"ದುಡ್ಡಿದ್ದೋನು ಗೆದ್ದ, ಬಿಡು." ಇಬ್ಬರು ಸೈಕಲ್ ರೇಸುಗಾರರ ಪೈಪೋಟಿಯ ಸಾಕ್ಷ್ಯಚಿತ್ರ ಅರ್ಧ ಮುಗಿಯುವ ಮೊದಲೇ ನನ್ನ ತಮ್ಮ ಹೀಗೆ ತೀರ್ಪು ಕೊಟ್ಟು ಮೊಬೈಲ್ ಹಿಡಿದ. ವಾರವಿಡೀ ಆ ಮಾತು ನನ್ನನ್ನು ಕೊರೆಯುತ್ತಲೇ ಇದೆ.

ಪೂರ್ತಿ ಅವನದೇ ತಪ್ಪು ಅನ್ನಲಾರೆ. ಗ್ರೇಮ್ ಓಬ್ರೀ, ಕ್ರಿಸ್ ಬೋರ್ಡ್‌ಮನ್ ಜೋಡಿಯ ಕಥೆಯನ್ನು ಹೇಳುವ ರೀತಿಯೇ ಹಾಗೆ. ಇತ್ತ ಕೈಯಾರೆ ಸೈಕಲ್ ಕಟ್ಟಿಕೊಂಡ ಸ್ಕಾಟ್ಲೆಂಡಿನ ಓಬ್ರೀ, ಅತ್ತ ಕಾರು ಕಂಪನಿ ಲೋಟಸ್‌ನ ಸೈಕಲ್ಲಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಇಂಗ್ಲೆಂಡಿನ ಬೋರ್ಡ್‌ಮನ್. ನಡುವೆ ಆ ಹಾಳು ವಾಷಿಂಗ್ ಮೆಷಿನ್! ಅದರ ಬೇರಿಂಗ್ ತೆಗೆದು ಸೈಕಲ್ಲಿಗೆ ಹಾಕಿದ್ದನ್ನು ಯಾಕಾದರೂ ಹೇಳಿದೆನೋ ಅಂತ ಓಬ್ರೀಗೇ ಆಮೇಲೆ ಅನಿಸಿತಂತೆ. ಅನಿಸದೆ ಇನ್ನೇನು? ಜನ ದಾಖಲೆ ಬಿಟ್ಟು ಅದನ್ನೇ ಕೇಳುತ್ತಾರೆ.

ನಾನು ಹಿಂದಕ್ಕೆ ಎಳೆದು ಎಳೆದು ನೋಡಿದ್ದು ಓಬ್ರೀ ಸೈಕಲ್ ಮೇಲೆ ಕೂರುವ ಭಂಗಿಯನ್ನು. ಮೊಣಕೈ ಪೂರ್ತಿ ಮಡಚಿವೆ, ಮುಷ್ಟಿಗಳು ಎದೆಯಡಿ ಅಡಗಿವೆ, ಮುಖ ಮುಂದಿನ ಚಕ್ರದ ಮೇಲಕ್ಕೆ ಚಾಚಿದೆ. ಚಳಿಗೆ ಮುದುಡಿ ಕೂತವರ ಹಾಗೆ. ತೋಳೇ ಎದುರಿಗಿಲ್ಲದಿದ್ದರೆ ಗಾಳಿ ತಡೆಯುವುದಾದರೂ ಯಾವುದನ್ನು?

1993ರ ಜುಲೈ 16ರಂದು ನಾರ್ವೆಯ ಹಾಮರ್‌ನಲ್ಲಿ ಒಂದು ಗಂಟೆಯ ದಾಖಲೆಗೆ, ಅಂದರೆ ಒಂದೇ ಗಂಟೆಯಲ್ಲಿ ಒಬ್ಬನೇ ಅತಿ ಹೆಚ್ಚು ದೂರ ಹೋಗುವ ದಾಖಲೆಗೆ, ಹೊರಟು ಸುಮಾರು ಒಂದು ಕಿಲೋಮೀಟರಿನಿಂದ ಸೋತ. ಆ ರಾತ್ರಿ ಬೇಕೆಂದೇ ನೀರು ಕುಡಿದು ಮಲಗಿದ. ಮೂತ್ರಕ್ಕೆ ಎದ್ದಾಗಲೆಲ್ಲ ಕಾಲಿನ ಸ್ನಾಯು ಎಳೆದು ಸಡಿಲಿಸಿಕೊಳ್ಳುವ ಉಪಾಯ! ಬೆಳಿಗ್ಗೆ ತನ್ನ ಹಳೇ ಸೈಕಲ್ ಹತ್ತಿ 51.596 ಕಿ.ಮೀ. ಓಡಿಸಿದ. ಫ್ರಾಂಚೆಸ್ಕೊ ಮೋಸರ್‌ನ 1984ರ ದಾಖಲೆ ಹೋಯಿತು. ಆರೇ ದಿನಕ್ಕೆ ಬೋರ್ಡ್‌ಮನ್ ಬೋರ್ಡೋದಲ್ಲಿ 52.270 ಮಾಡಿದ.

ತಮ್ಮ ತೀರ್ಪು ಕೊಟ್ಟಿದ್ದು ಈ ಜಾಗದಲ್ಲಿ. ಆದರೆ ಬೋರ್ಡ್‌ಮನ್ 1992ರಲ್ಲಿ ಬಾರ್ಸಿಲೋನಾ ಒಲಿಂಪಿಕ್ಸಿಗೆ ಹೋದಾಗ ಕೈಯಲ್ಲಿ ಕೆಲಸವಿಲ್ಲದ ಬಡಗಿ! ಲೆಕ್ಕ ಹಾಕಿ ಬೆವರು ಸುರಿಸುವವನನ್ನು ನಾವು ಯಾಕೋ ಪ್ರತಿಭಾವಂತ ಅನ್ನುವುದೇ ಇಲ್ಲ. ಸೌಲಭ್ಯ ಇದ್ದವನು ಅಂತೇವೆ. ದಾಖಲೆ ಕೈತಪ್ಪಿದ ಮರುತಿಂಗಳೇ, 1993ರ ವಿಶ್ವ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್‌ನಲ್ಲಿ ಓಬ್ರೀ ಅವನನ್ನು ಸೋಲಿಸಿ ಚಾಂಪಿಯನ್ ಆದದ್ದೂ ತಮ್ಮನ ತೀರ್ಪಿಗೆ ಸರಿಹೊಂದುವುದಿಲ್ಲ.

ನನ್ನ ಸಿಟ್ಟೆಲ್ಲ ಸೈಕ್ಲಿಂಗ್ ಒಕ್ಕೂಟ ಯುಸಿಐ ಮೇಲೆ. 1994ರಲ್ಲಿ ಓಬ್ರೀಯ ಮುದುಡಿದ ಭಂಗಿಗೆ ನಿಷೇಧ. ಮನುಷ್ಯ ಸುಮ್ಮನಿರಲಿಲ್ಲ. ತೋಳನ್ನು ನೇರ ಮುಂದಕ್ಕೆ ಚಾಚಿದ 'ಸೂಪರ್‌ಮ್ಯಾನ್' ಭಂಗಿ ಹುಡುಕಿ 1995ರಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದ. 1996ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅದೇ ಭಂಗಿ ಹಿಡಿದು 56.375 ಕಿ.ಮೀ. ಓಡಿಸಿದವನು ಯಾರು? ಬೋರ್ಡ್‌ಮನ್! ಆಮೇಲೆ ಅದಕ್ಕೂ ನಿಷೇಧ. ಗಂಟೆಯ ದಾಖಲೆ ಬೇಕಿದ್ದರೆ 1972ರಲ್ಲಿ ಅದನ್ನು ಮಾಡಿದ್ದ ಎಡ್ಡಿ ಮರ್ಕ್ಸ್ ಕಾಲದಂಥ ಸೈಕಲ್ಲೇ ಆಗಬೇಕು ಎಂಬ ನಿಯಮ ಬಂತು; 2014ರವರೆಗೂ ಇತ್ತು. 2000ದಲ್ಲಿ ಅದೇ ಮ್ಯಾಂಚೆಸ್ಟರ್‌ನಲ್ಲಿ ಅದೇ ಬೋರ್ಡ್‌ಮನ್ ಹೋಗಿದ್ದು 49.441. ಮರ್ಕ್ಸ್‌ಗಿಂತ ಹತ್ತೇ ಮೀಟರ್ ಜಾಸ್ತಿ.

ವಯಸ್ಸು ನಾಲ್ಕು ವರ್ಷ ಏರಿತ್ತು, ಒಪ್ಪೋಣ. ಆದರೂ ಹತ್ತಿರ ಹತ್ತಿರ ಏಳು ಕಿಲೋಮೀಟರ್! ಬಹುಪಾಲು ಸೈಕಲ್ಲು ಮತ್ತು ಭಂಗಿಯದು. ಆ ಭಂಗಿ ಎದುರಾಳಿಯ ತಲೆಯಿಂದ ಬಂದದ್ದು. ಒಬ್ಬನ ಬುದ್ಧಿ, ಇನ್ನೊಬ್ಬನ ಕಾಲು ಸೇರಿ ಆದ ಆ 56.375 ಅನ್ನು ಮೀರಿಸಲು 2022ರಲ್ಲಿ ಇಟಲಿಯ ಫಿಲಿಪ್ಪೊ ಗಾನ್ನಾ ಬರಬೇಕಾಯಿತು. ಅದೂ 417 ಮೀಟರಿನಿಂದ.